ಸೈಕಲ್ಲಿಗೆ ಒಳ್ಳೆ ಬೆನ್ನುಚೀಲ ಯಾವುದು? ಅಂತ ಕೇಳುವವರಿಗೆ

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ.

"ದೋಸ್ತ, ಸೈಕಲ್ ತಗೊಂಡೇನಿ. ದಿನಾ ಆಫೀಸಿಗೆ ಅದರಾಗ ಹೋಗಬೇಕಂತ ಮಾಡೇನಿ. ನೀ ವರ್ಷಗಟ್ಲೆ ಸೈಕಲ್ ತುಳದಾಂವ. ಬೆನ್ನಿಗೆ ಹಾಕ್ಕೊಳ್ಳಾಕ ಚೊಲೊ ಬ್ಯಾಗ್ ಯಾವುದು ಹೇಳು."

"ಸೈಕಲ್ಲಿಗೆ ಕ್ಯಾರಿಯರ್ ಐತೇನು?"

"ಇಲ್ಲ. ಗೇರ್ ಸೈಕಲ್ಲಪಾ. ಅದಕ್ಕ ಕ್ಯಾರಿಯರ್ ಚಂದ ಕಾಣಂಗಿಲ್ಲಂತ ಅಂಗಡಿಯಾಂವ ಅಂದ."

"ಹಂಗಾದ್ರ ಬ್ಯಾಗ್ ಆಮ್ಯಾಲೆ ನೋಡೂಣು. ಮೊದಲ ಕ್ಯಾರಿಯರ್ ಹಾಕ್ಸು."

ಅವನು ನಕ್ಕ. ಮರುದಿನವೇ ಮೂವತ್ತೈದು ಲೀಟರಿನ ಕರಿ ಬ್ಯಾಗೊಂದನ್ನು ಬೆನ್ನಿಗೇರಿಸಿಕೊಂಡು ನಿಂತ ಫೋಟೋ ಕಳಿಸಿದ. ಹಿಂದಿನಿಂದ ನೋಡಿದರೆ ಬ್ಯಾಗಿಗೆ ಎರಡು ಕಾಲು ಮೂಡಿದಂತೆ ಕಾಣುತ್ತಿತ್ತು :-)

ಆ ಫೋಟೋ ನೋಡಿ ಬಂದ ಸಿಟ್ಟಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಮಾತು ಸ್ವಲ್ಪ ಖಾರವಾದರೆ ಬ್ಯಾಡಗಿಯವನು ಅಂತ ಮನ್ನಿಸಿಬಿಡಿ. ಹಾಗೆ ನೋಡಿದರೆ ನಮ್ಮೂರ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ.

ನನ್ನ ತಕರಾರು ಇಷ್ಟೇ. ಸೈಕಲ್ ಅನ್ನುವುದು ಭಾರ ಹೊರುವ ಗಾಡಿ. ಅದರ ಮೇಲೆ ಕೂತು, ಭಾರವನ್ನು ಮಾತ್ರ ನಮ್ಮ ಬೆನ್ನ ಮೇಲೇ ಇಟ್ಟುಕೊಳ್ಳುವುದು ಎಂಥಾ ಶಾಣ್ಯಾತನ? ತಲೆ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡೇ ಚಕ್ಕಡಿ ಹತ್ತಿ ಕೂತ ಹಾಗಾಯಿತು. "ಒಳ್ಳೆ ಬೆನ್ನುಚೀಲ ಯಾವುದು" ಅನ್ನುವ ಪ್ರಶ್ನೆಗೆ ಮುಂಚೆ "ಬೆನ್ನಿಗೇ ಯಾಕೆ" ಅನ್ನುವ ಪ್ರಶ್ನೆ ಇದೆ. ಅದನ್ನು ಯಾರೂ ಕೇಳುತ್ತಿಲ್ಲ.

*

ನಮ್ಮಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರದೊಂದು ಕರಿ ಸೈಕಲ್ಲು. ಹಿಂದಿನ ಗಾಲಿಗೆ ನಲವತ್ತು ಕಡ್ಡಿ, ಮುಂದಿನದಕ್ಕೆ ಮೂವತ್ತೆರಡು. ಯಾಕೆ ಹಿಂದೆ ಎಂಟು ಕಡ್ಡಿ ಜಾಸ್ತಿ ಅಂತ ಚಿಕ್ಕಂದಿನಲ್ಲಿ ಎಣಿಸಿ ಕೇಳಿದ್ದೆ. "ಭಾರ ಬೀಳೂದು ಅಲ್ಲೇ ಅಲ್ಲೇನಲೇ" ಅಂದಿದ್ದರು. ಹಳೇ ಇಂಗ್ಲಿಷ್ ಸೈಕಲ್ಲಿನ ಲೆಕ್ಕವೇ ನಮ್ಮ ಕರಿ ಸೈಕಲ್ಲಿಗೂ ಬಂದಿದ್ದು. ಅಂದರೆ ಹಿಂದೆ ಭಾರ ಹೇರುತ್ತಾರೆ ಅಂತ ಗೊತ್ತಿದ್ದೇ ಆ ಸೈಕಲ್ ಮಾಡಿದ್ದರು.

ಅಪ್ಪನ ಕ್ಯಾರಿಯರ್ ಮೇಲೆ ಏನೇನು ಹೋಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಆಶ್ಚರ್ಯ. ಕಿರ್ದಿ ಪುಸ್ತಕ, ಬುತ್ತಿ ಡಬ್ಬಿ, ಡಬ್ಬಿ ಕಾಯಿ ಕಡ್ಡಿ ಕಾಯಿಗಳ ಮಾದರಿ ಚೀಲ, ಸಂಜೆ ಬರುವಾಗ ಕಿರಾಣಿ ಸಾಮಾನು, ಹಬ್ಬದ ಮುಂದೆ ಹಿಟ್ಟಿನ ಗಿರಣಿಗೆ ಹೋಗುವ ಜೋಳ. ರವಿವಾರ ಅದರ ಮೇಲೆ ಅವ್ವ ಕೂರುತ್ತಿದ್ದಳು, ಮುಂದಿನ ಡಂಡಿಗೆ ನಾನು. ಕಟ್ಟಲು ಹಳೇ ಟ್ಯೂಬಿನ ಒಂದು ಪಟ್ಟಿ, ಅಷ್ಟೇ. ಝಿಪ್ಪಿಲ್ಲ, ಬಕಲ್ಲಿಲ್ಲ, ಕಂಪನಿ ಹೆಸರಿಲ್ಲ. ಸೀಜನ್ನಿನಲ್ಲಿ ಮಾರ್ಕೆಟ್ಟಿಗೆ ಕಾಲಿಟ್ಟರೆ ಸೀನು ಬಂದೇ ಬರುತ್ತಿತ್ತು. ಅಪ್ಪ ಸೀನುತ್ತಿದ್ದರು, ಕೆಮ್ಮುತ್ತಿದ್ದರು, ಆದರೆ "ಬೆನ್ನು ನೋಯಾಕತೈತಿ" ಅಂದಿದ್ದನ್ನು ನಾನು ಕೇಳಲಿಲ್ಲ.

ನಮ್ಮೂರ ಹಾಲಿನವರನ್ನು ನೋಡಿ. ಕ್ಯಾರಿಯರ್‌ನ ಎರಡೂ ಬದಿಗೆ ಒಂದೊಂದು ಕ್ಯಾನು ತೂಗುಬಿಟ್ಟಿರುತ್ತಾರೆ. ಭಾರ ಗಾಲಿಯ ಅಚ್ಚಿನ ಹತ್ತಿರಕ್ಕೆ, ಕೆಳಗೆ. ಎರಡೂ ಕಡೆ ಸಮ. ಒಂದು ಹನಿ ಚೆಲ್ಲುವುದಿಲ್ಲ. ಅವರಿಗೆ ಯಾವ ಇಂಜಿನಿಯರಿಂಗ್ ಕಾಲೇಜೂ ಇದನ್ನು ಕಲಿಸಲಿಲ್ಲ. ಬ್ಯಾಡಗಿ, ರಾಣೇಬೆನ್ನೂರು, ಹಾವೇರಿ ಮೂರೂ ಕಡೆ ಬೆಳಗಿನ ಆರು ಗಂಟೆಗೆ ಎದ್ದು ನೋಡಿದರೆ ಸಿಗುವ ಪಾಠ ಇದು. ಈಗ ಅವರಲ್ಲಿ ಬಹಳ ಜನ ಬೈಕಿಗೆ ಬಂದಿದ್ದಾರೆ. ಆದರೂ ಕ್ಯಾನು ತೂಗುವುದು ಅದೇ ಜಾಗದಲ್ಲಿ, ಬೆನ್ನಿನ ಮೇಲಲ್ಲ!

ಇನ್ನೂ ದೊಡ್ಡ ಉದಾಹರಣೆ ಬೇಕಾದರೆ 1954ರ ವಿಯೆಟ್ನಾಂ ಯುದ್ಧಕ್ಕೆ ಹೋಗಿ. ದಿಯನ್ ಬಿಯನ್ ಫೂ ಎಂಬಲ್ಲಿ ಫ್ರೆಂಚರು ವಿಮಾನದಲ್ಲಿ ಸಾಮಾನು ಇಳಿಸುತ್ತಿದ್ದರು. ವಿಯೆಟ್ನಾಮಿನವರು ಕಾಡುದಾರಿಯಲ್ಲಿ ಸೈಕಲ್ಲುಗಳನ್ನು ನೂಕಿಕೊಂಡು ಬಂದರು. ಚೌಕಟ್ಟಿಗೆ ಬಿದಿರು ಕಟ್ಟಿ, ಒಂದೊಂದು ಸೈಕಲ್ಲಿನ ಮೇಲೆ ಇನ್ನೂರು ಕೆಜಿಗೂ ಮಿಕ್ಕಿ ಅಕ್ಕಿ, ಮದ್ದುಗುಂಡು. ಗೆದ್ದವರು ಸೈಕಲ್ಲಿನವರು. ಇನ್ನೂರು ಕೆಜಿ ಹೊರುವ ಗಾಡಿಗೆ ನಮ್ಮ ಲಂಚ್ ಬಾಕ್ಸ್ ಭಾರವಾಗುತ್ತದೆಯೇ?

*

ಇಷ್ಟೆಲ್ಲ ಹೇಳುವ ನಾನೂ ಆ ತಪ್ಪು ಮಾಡಿದವನೇ. ಅದನ್ನೂ ಹೇಳಿಬಿಡುತ್ತೇನೆ.

ನಾನು ಹಲವು ವರ್ಷ ರಾಣೇಬೆನ್ನೂರಿನಲ್ಲಿ ಬೀಜದ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಬ್ಯಾಡಗಿಯಿಂದ ರೈಲು, ರಾಣೇಬೆನ್ನೂರು ಸ್ಟೇಷನ್ನಿನಿಂದ ಅಂಗಡಿಗೆ ಸೈಕಲ್ಲು. 2009ರಲ್ಲಿ ಅಪ್ಪನ ಸೈಕಲ್ ಬಿಟ್ಟು ಹೊಸ ಥರದ, ದಪ್ಪ ಟೈರಿನ ಸೈಕಲ್ ಕೊಂಡೆ. ಮಡ್‌ಗಾರ್ಡ್ ಅರ್ಧ, ಕ್ಯಾರಿಯರ್ ಇಲ್ಲವೇ ಇಲ್ಲ. ಹಾಗಾಗಿ ಬ್ಯಾಗ್ ಕೊಂಡೆ. ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಬ್ಯಾಗ್ ಬೇಕಾಗಿತ್ತು ಅಂತ ಕೊಂಡಿದ್ದಲ್ಲ, ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ ಅಂತ ಕೊಂಡಿದ್ದು. ಸೈಕಲ್ಲಿನ ಕೊರತೆಗೆ ನನ್ನ ಬೆನ್ನು ಬಾಡಿಗೆ ಕಟ್ಟಿತು.

ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ಮೈ ತಂಪಾಗುವುದು ಬೆವರು ಆರಿದಾಗ. ಬೆನ್ನು ಅಂದರೆ ಬೆವರು ಆರಲು ಇರುವ ದೊಡ್ಡ ಅಂಗಳ. ಅದರ ಮೇಲೆ ಸ್ಪಂಜು ಹಾಕಿ ಮುಚ್ಚಿದರೆ ಆರುವುದು ಎಲ್ಲಿಂದ? ಏಪ್ರಿಲ್ ತಿಂಗಳಲ್ಲಿ ಅಂಗಡಿ ಮುಟ್ಟುವಷ್ಟರಲ್ಲಿ ಅಂಗಿಯ ಹಿಂಭಾಗ ಹಿಂಡಿದರೆ ನೀರು ಬರುವ ಹಾಗೆ. ಆಮೇಲೆ ಸ್ಟೀಲ್ ಡಬ್ಬಿ. ಪ್ರತಿ ತಗ್ಗಿಗೂ ಬೆನ್ನುಹುರಿಗೆ ಒಂದು ಗುದ್ದು. ಮನೆಯಿಂದ ಯಾರಿಗೋ ಕೊಡಲು ಒಂದು ಸಲ ಎರಡು ಕೆಜಿ ಖಾರದಪುಡಿ ಒಯ್ಯುತ್ತಿದ್ದೆ. ಪಾಕೀಟು ಒಡೆದು, ಬ್ಯಾಗಿನ ಹಿಂದಿನ ಜಾಲರಿಯಿಂದ ಪುಡಿ ಇಳಿದು, ಬೆವರಿದ ಬೆನ್ನಿಗೆ ಕೂತಿತು ನೋಡಿ... ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅಂತ ಮೇಲೆ ಹೇಳಿದ್ದನ್ನು ಆ ದಿನ ಮಾತ್ರ ವಾಪಸ್ ತೆಗೆದುಕೊಂಡಿದ್ದೆ. ಬಿಳಿ ಅಂಗಿ ಹೋಗಿ ಕೇಸರಿ ಅಂಗಿಯಾಯಿತು.

ನಗುವ ವಿಷಯ ಅಲ್ಲಿಗೆ ಮುಗಿಯಿತು. ಆ ವರ್ಷದ ಮಳೆಗಾಲದಲ್ಲಿ ಪಿ.ಬಿ. ರೋಡಿನಲ್ಲಿ ಹೋಗುತ್ತಿದ್ದೆ. ಬೆನ್ನ ಮೇಲೆ ಸುಮಾರು ಒಂಬತ್ತು ಕೆಜಿ, ಬೀಜದ ಪಾಕೀಟು, ಲೆಕ್ಕದ ಪುಸ್ತಕ, ನೀರು, ಊಟ. ಹಿಂದೆ ಬಸ್ಸಿನ ಹಾರ್ನ್ ಕೇಳಿ ಬಲಕ್ಕೆ ತಿರುಗಿ ನೋಡಿದೆ. ನನ್ನ ಭುಜ ತಿರುಗಿ ನಿಂತಿತು, ಬ್ಯಾಗು ನಿಲ್ಲಲಿಲ್ಲ. ಒಂದು ಪಟ್ಟಿ ಜಾರಿ ಮೊಣಕೈಗೆ ಬಂತು, ಕೈ ಎಳೆಯಿತು, ಹ್ಯಾಂಡಲ್ ಹೊರಳಿತು. ಎಡಕ್ಕೆ ಕೆಸರಿನಲ್ಲಿ ಬಿದ್ದೆ. ಬಸ್ಸು ಬಲಕ್ಕೆ ಹೋಯಿತು. ಉಲ್ಟಾ ಆಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಮೊಣಕೈ ತರಚಿದ ಗುರುತು ಇನ್ನೂ ಇದೆ.

ಅದು ಯಾಕಾಯಿತು ಅಂತ ಆಮೇಲೆ ಯೋಚಿಸಿದೆ. ಸೈಕಲ್ ಮೇಲೆ ನಾವು ಕೂರುವುದೇ ಎತ್ತರದಲ್ಲಿ. ಅದಕ್ಕೂ ಮೇಲೆ, ಭುಜದ ಮಟ್ಟದಲ್ಲಿ ಒಂಬತ್ತು ಕೆಜಿ ಇಟ್ಟರೆ ಸ್ವಲ್ಪ ವಾಲಿದರೂ ಅದು ಎಳೆಯುತ್ತದೆ. ಅದೇ ಒಂಬತ್ತು ಕೆಜಿ ಗಾಲಿಯ ಪಕ್ಕ ಇದ್ದರೆ ಎಳೆತ ಕಡಿಮೆ, ಜೊತೆಗೆ ನಮ್ಮ ಕುತ್ತಿಗೆ, ಭುಜ, ಕಣ್ಣು ಮೂರೂ ಸ್ವತಂತ್ರ. ಹಿಂದೆ ನೋಡುವ ಸ್ವಾತಂತ್ರ್ಯ ಸಣ್ಣದಲ್ಲ. ನಮ್ಮ ರಸ್ತೆಗಳಲ್ಲಿ ಜೀವ ಉಳಿಯುವುದೇ ಅದರಿಂದ.

*

ಈಗ ನೀವು ಹೇಳುವುದು ನನಗೆ ಗೊತ್ತು. ಒಂದೊಂದಾಗಿ ಬರುತ್ತೇನೆ.

"ಲ್ಯಾಪ್‌ಟಾಪ್ ಇರ್ತದಲ್ರೀ, ಕ್ಯಾರಿಯರ್ ಮೇಲೆ ಕುಲುಕಾಡಿ ಹಾಳಾಗುತ್ತೆ." ಒಪ್ಪಿದೆ. ಇದೊಂದೇ ನಿಜವಾದ ವಾದ. ನಮ್ಮ ರಸ್ತೆಯ ಕುಲುಕಾಟವನ್ನು ಮೈ ನುಂಗಿಕೊಳ್ಳುತ್ತದೆ, ಕ್ಯಾರಿಯರ್ ನುಂಗುವುದಿಲ್ಲ. ಹಾಗಾದರೆ ಲ್ಯಾಪ್‌ಟಾಪ್ ಮಾತ್ರ ಬೆನ್ನಿಗಿರಲಿ. ಅದರ ನೆಪದಲ್ಲಿ ಛತ್ರಿ, ಚಾರ್ಜರ್, ಊಟ, ಎರಡು ಲೀಟರ್ ನೀರು, ಜಿಮ್ ಬೂಟು ಯಾಕೆ ಬೆನ್ನೇರುತ್ತವೆ?

"ಕಳುವಾಗುತ್ತೆ." ಇಳಿದಾಗ ಬಿಚ್ಚಿಕೊಂಡು ಹೋಗಿ. ಕೊಕ್ಕೆ ಇರುವ ಚೀಲವಾದರೆ ಅರ್ಧ ನಿಮಿಷದ ಕೆಲಸ.

"ಚಂದ ಕಾಣಲ್ಲ." ಹಾಂ! ಈಗ ಬಂತು ನೋಡಿ ಅಸಲಿ ವಿಷಯ. ಉಳಿದದ್ದೆಲ್ಲ ನೆಪ. ನನ್ನ ಗೆಳೆಯ ಕೊನೆಗೆ ಬಾಯಿಬಿಟ್ಟಿದ್ದು ಇದನ್ನೇ. "ಕ್ಯಾರಿಯರ್ ಹಾಕ್ಸಿದ್ರ ಹಾಲು ಮಾರಾವ್ರ ಸೈಕಲ್ ಕಂಡಂಗ ಕಾಣ್ತೈತಿ." ಕ್ಯಾರಿಯರ್ ಎಂದರೆ ಹಾಲಿನವನು, ಪೇಪರಿನವನು, ಪೋಸ್ಟ್‌ಮನ್, ಗೋಣಿಚೀಲ ಹೇರುವ ಹಮಾಲ. ಬೆನ್ನುಚೀಲ ಎಂದರೆ ಸಾಫ್ಟ್‌ವೇರು, ಟ್ರೆಕ್ಕಿಂಗು, ಬೆಂಗಳೂರು. ಬೆನ್ನು ನೋಯಲಿ ಪರವಾಗಿಲ್ಲ, ದುಡಿಯುವವರ ಹಾಗೆ ಕಾಣಬಾರದು. ಪರಿಸರ, ಸರಳ ಬದುಕು, ಪೆಟ್ರೋಲ್ ಉಳಿತಾಯ ಅಂತ ನಾವೆಲ್ಲ ಪುಟಗಟ್ಟಲೆ ಬರೆಯುತ್ತೇವೆ. ಒಂದು ಕಬ್ಬಿಣದ ಕ್ಯಾರಿಯರ್ ಹಾಕಿಸಿಕೊಳ್ಳಲು ನಾಚಿಕೆ!

ಸೈಕಲ್ ಮಾರುವವರಿಗೆ ಇದು ಗೊತ್ತು. ಕ್ಯಾರಿಯರ್, ಪೂರ್ತಿ ಮಡ್‌ಗಾರ್ಡ್, ಬೆಲ್, ಸ್ಟ್ಯಾಂಡ್ ಒಂದೊಂದನ್ನೂ ಕಿತ್ತು ಸೈಕಲ್ಲನ್ನು "ಸ್ಪೋರ್ಟ್ಸ್" ಮಾಡಿ ಜಾಸ್ತಿ ದುಡ್ಡಿಗೆ ಮಾರುತ್ತಾರೆ. ಕಿತ್ತಿದ್ದನ್ನು "ಆಕ್ಸೆಸರಿ" ಅಂತ ಬೇರೆ ಮಾರುತ್ತಾರೆ. ಊಟ ಮಾಡಲು ಕರೆದು ಎಲೆಗೆ ಬೇರೆ ದುಡ್ಡು ಕೇಳಿದ ಹಾಗೆ. ನೆದರ್ಲೆಂಡ್ಸ್ ದೇಶದಲ್ಲಿ ದೊಡ್ಡ ದೊಡ್ಡ ಹುದ್ದೆಯವರೂ ಸೈಕಲ್ಲಿನಲ್ಲಿ ಓಡಾಡುತ್ತಾರೆ ಅಂತ ನಾವು ಫಾರ್ವರ್ಡ್ ಮಾಡುತ್ತೇವಲ್ಲ, ಆ ಫೋಟೋಗಳನ್ನು ಸರಿಯಾಗಿ ನೋಡಿ. ಹೆಚ್ಚಿನ ಸೈಕಲ್ಲಿಗೆ ಕ್ಯಾರಿಯರ್ ಇದೆ, ಎರಡೂ ಬದಿಗೆ ಜೋಡಿ ಚೀಲ ಇಳಿಬಿದ್ದಿರುತ್ತದೆ.

ಆ ಜೋಡಿ ಚೀಲಕ್ಕೆ ಈಗ "ಪ್ಯಾನಿಯರ್" ಅಂತ ಹೆಸರಿಟ್ಟು ಸಾವಿರಾರು ರೂಪಾಯಿಗೆ ಮಾರುತ್ತಾರೆ. ನಮ್ಮಲ್ಲಿ ಅದಕ್ಕೆ ಹಸಿಬಿ ಚೀಲ ಅಂತಿದ್ದರು. ಎತ್ತಿನ ಬೆನ್ನಿನ ಮೇಲೆ, ಕುದುರೆ ಮೇಲೆ, ನಡೆಯುವವರಾದರೆ ಹೆಗಲ ಮೇಲೆ ಹಿಂದೊಂದು ಮುಂದೊಂದು ಬೀಳುವಂತೆ ಹಾಕುತ್ತಿದ್ದ, ನಡುವೆ ಬಾಯಿರುವ ಉದ್ದ ಚೀಲ. ನಮ್ಮಜ್ಜನಿಗೆ ಗೊತ್ತಿದ್ದದ್ದನ್ನೇ ನಾವು ಡಾಲರ್ ಲೆಕ್ಕದಲ್ಲಿ ಕಲಿಯಬೇಕಾಗಿದೆ.

*

ಈಗ ನಿಜವಾಗಿ ಸಿಟ್ಟು ಬಂದ ಕಾರಣಕ್ಕೆ ಬರುತ್ತೇನೆ. ಗೆಳೆಯನ ಬೆನ್ನು ಅವನ ಇಷ್ಟ. ಆದರೆ ನನ್ನ ತಂಗಿಯ ಮಗಳಿದ್ದಾಳೆ, ಒಂಬತ್ತನೇ ಇಯತ್ತೆ. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಿಂದ ದಿನಾ ಐದು ಕಿಲೋಮೀಟರ್ ಸೈಕಲ್ ತುಳಿದು ಶಾಲೆಗೆ ಹೋಗುತ್ತಾಳೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗಿದೆ, ನಿಜ. ಆದರೆ ಅವಳ ಶಾಲೆಯ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿಲ್ಲ. ಕಳೆದ ದೀಪಾವಳಿಗೆ ಹೋದಾಗ ಕುತ್ತಿಗೆ ಒತ್ತಿಕೊಳ್ಳುತ್ತಾ ಕೂತಿದ್ದಳು.

"ಏನಾತವಾ?"

"ಏನಿಲ್ಲ ಮಾಮಾ, ಪಾಟೀಚೀಲದ್ದು. ದಿನಾ ನೋಯ್ತೈತಿ."

ಅವಳ ಪಾಟೀಚೀಲವನ್ನು ಎತ್ತಿ ನೋಡಿದೆ. ಎದ್ದು ಹೋಗಿ ಓಣಿಯ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ. ಎಂಟು ಕೆಜಿ ಇನ್ನೂರು ಗ್ರಾಂ. ಹುಡುಗಿಯ ತೂಕ ಮೂವತ್ತೆಂಟು ಕೆಜಿ.

2019ರ ಮೇ ತಿಂಗಳಲ್ಲಿ ನಮ್ಮ ಸರ್ಕಾರವೇ ಆದೇಶ ಹೊರಡಿಸಿದೆ. ಒಂಬತ್ತು, ಹತ್ತನೇ ತರಗತಿಯವರ ಚೀಲ ನಾಲ್ಕರಿಂದ ಐದು ಕೆಜಿ ಮೀರಬಾರದು. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿ ಇನ್ನೂ ಬಿಗಿ, ಮಗುವಿನ ತೂಕದ ಶೇಕಡಾ ಹತ್ತು. ಅಂದರೆ ಇವಳಿಗೆ ಮೂರು ಕೆಜಿ ಎಂಟುನೂರು ಗ್ರಾಂ. ಅದಕ್ಕೂ ಹಿಂದೆ, 1989ರಲ್ಲಿ, ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಾತಾಡಲು ಎದ್ದು ನಿಂತಾಗ ಆರಿಸಿಕೊಂಡ ವಿಷಯ ಮಕ್ಕಳ ಬೆನ್ನ ಮೇಲಿನ ಚೀಲ. ಅದರ ಬೆನ್ನಿಗೇ ಯಶಪಾಲ್ ಸಮಿತಿ ಬಂತು, 1993ರಲ್ಲಿ "ಹೊರೆಯಿಲ್ಲದ ಕಲಿಕೆ" ಅಂತ ವರದಿಯೂ ಬಂತು. ಮೂವತ್ತು ವರ್ಷ ದಾಟಿದರೂ ಆ ಹೊರೆ ಬ್ಯಾಡಗಿ ತಾಲೂಕಿನ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದೆ.

ಇವಳ ಅಕ್ಕನಿಗೆ ಎಂಟನೇ ಇಯತ್ತೆಯಲ್ಲಿ ಸರ್ಕಾರದ ಸೈಕಲ್ ಸಿಕ್ಕಿತ್ತು. 2006-07ರಲ್ಲಿ ಶುರುವಾದ ಯೋಜನೆ ಅದು. ಆ ಸೈಕಲ್ಲು ಅಂಥಾ ಚಂದದ್ದಲ್ಲ, ಕುಂಯ್ ಕುಂಯ್ ಅನ್ನುತ್ತಿತ್ತು. ಆದರೆ ಮುಂದೆ ಬುಟ್ಟಿ ಇತ್ತು, ಹಿಂದೆ ಕ್ಯಾರಿಯರ್ ಇತ್ತು. ಅಕ್ಕ ಚೀಲವನ್ನು ಕ್ಯಾರಿಯರ್‌ಗೆ ಸಿಗಿಸಿ ಹೋಗುತ್ತಿದ್ದಳು. 2020ರಲ್ಲಿ ಕೊರೊನಾ ಬಂತು, ಸೈಕಲ್ ಹಂಚುವುದು ನಿಂತಿತು. ತಂಗಿಯ ಪಾಳಿ ಬಂದಾಗ ಮನೆಯವರೇ ಸಾಲ ಸೋಲ ಮಾಡಿ ಕೊಡಿಸಿದರು. ಹುಡುಗಿ ಆರಿಸಿಕೊಂಡಿದ್ದು ದಪ್ಪ ಟೈರಿನ, ಕ್ಯಾರಿಯರ್ ಇಲ್ಲದ ಸೈಕಲ್ಲು. ನಾನು 2009ರಲ್ಲಿ ಮಾಡಿದ್ದನ್ನೇ ಅವಳೂ ಮಾಡಿದಳು. ಅವಳನ್ನು ಬೈಯುವ ಯೋಗ್ಯತೆ ನನಗೆಲ್ಲಿದೆ?

ಸೈಕಲ್ಲನ್ನು ಹಾವೇರಿಗೆ ತಂದೆ. ನಾನೀಗ ಇರುವುದು ಇಲ್ಲೇ. ಮೊದಲ ಅಂಗಡಿಯವನು "ಈ ಮಾಡಲ್‌ಗೆ ಬರಂಗಿಲ್ರಿ" ಅಂದ. ಎರಡನೆಯವನು ಸೀಟಿನ ಕೊಳವೆಗೆ ಕಚ್ಚುವ ಕ್ಯಾರಿಯರ್ ತೋರಿಸಿದ. ಅದು ಹಗುರ ಸಾಮಾನಿಗೆ ಸರಿ, ಭಾರ ಬಿದ್ದರೆ ಅತ್ತಿತ್ತ ತಿರುಗುತ್ತದೆ. ಕೊನೆಗೆ ರಸ್ತೆ ಬದಿಯ ಒಬ್ಬ ಹಳೇ ಮೇಸ್ತ್ರಿ ಹಿಂದಿನ ಅಚ್ಚಿನ ಹತ್ತಿರದ ತೂತು ನೋಡಿ, "ಬರತೈತಿ ಬಿಡ್ರಿ, ಬರದs ಏನು" ಅಂತ, ಕಾಲೂರಿ ನಿಲ್ಲುವ ಕ್ಯಾರಿಯರ್ ಕೂರಿಸಿಕೊಟ್ಟ. ಕೂಲಿ ಸೇರಿ ನಾನೂರೈವತ್ತು ರೂಪಾಯಿ. ತಾಡಪತ್ರಿ ಹೊಲಿಯುವವರ ಹತ್ತಿರ ಹಸಿಬಿ ಚೀಲ ಹೊಲಿಸಿದೆ. ನೀವೂ ಹೊಲಿಸುವುದಾದರೆ ಮೂರು ಮಾತು ನೆನಪಿಡಿ. ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗಬಾರದು, ಚೀಲವನ್ನು ಅಷ್ಟು ಹಿಂದಕ್ಕೆ ಕೂರಿಸಿ. ಗಾಲಿಯ ಕಡೆಗೆ ಒಳಗೊಂದು ಗಟ್ಟಿ ಹಾಳೆ ಇಡಿ, ಇಲ್ಲದಿದ್ದರೆ ಬಟ್ಟೆ ಕಡ್ಡಿಗೆ ಸಿಕ್ಕೀತು. ಜೋತಾಡುವ ದಾರ, ಪಟ್ಟಿ ಒಂದೂ ಇರಕೂಡದು. ಮತ್ತೆ ಭಾರ ಎರಡೂ ಕಡೆ ಸಮ, ಹಾಲಿನವರ ಹಾಗೆ. (ನಾಲ್ಕಾಯಿತು, ಇರಲಿ!)

*

ಇಷ್ಟಾದರೂ ಬೆನ್ನುಚೀಲವೇ ಬೇಕು, ಬಸ್ಸು ರೈಲು ಹತ್ತಬೇಕು, ಲ್ಯಾಪ್‌ಟಾಪ್ ಇದೆ ಅನ್ನುವವರಿಗೆ, ಬಿದ್ದವನ ಸಲಹೆ ಇಲ್ಲಿದೆ.

ದೊಡ್ಡದು ಕೊಳ್ಳಬೇಡಿ. ಹದಿನೈದರಿಂದ ಹದಿನೆಂಟು ಲೀಟರ್ ಸಾಕು. ಜಾಗ ಇದ್ದಷ್ಟೂ ತುಂಬುತ್ತೇವೆ, ಅದು ಮನುಷ್ಯನ ಗುಣ. ಖಾಲಿ ಚೀಲವೇ ಒಂದು ಕೆಜಿ ತೂಗಿದರೆ ಅಲ್ಲೇ ಬಿಟ್ಟು ಬನ್ನಿ. ಎದೆಗೆ ಅಡ್ಡ ಪಟ್ಟಿ ಇರಲೇಬೇಕು. ಅದು ಇದ್ದಿದ್ದರೆ ನನ್ನ ಪಟ್ಟಿ ಜಾರುತ್ತಿರಲಿಲ್ಲ. ಸೊಂಟದ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿ ಆಡುವಂತೆ ಜಾಲರಿ ಬಿಗಿದು ದೂರ ನಿಲ್ಲಿಸಿದ್ದು ನೋಡಿ. ಬರೀ ದಪ್ಪ ಸ್ಪಂಜಿಗೆ ಮೋಸಹೋಗಬೇಡಿ, ಅದು ಬೆವರು ಕುಡಿದು ಕೂರುತ್ತದೆ. "ವಾಟರ್ ರೆಸಿಸ್ಟೆಂಟ್" ಅಂದರೆ ತುಂತುರು ತಡೆಯುತ್ತದೆ ಅಂತ ಅಷ್ಟೇ, ಜಡಿಮಳೆ ಹೊಲಿಗೆ ಮತ್ತು ಝಿಪ್ಪಿನಿಂದ ಒಳಗೆ ಬರುತ್ತದೆ. ಹೊರಗೊಂದು ಮಳೆ ಹೊದಿಕೆ, ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ, ಎರಡೂ ಬೇಕು. ಕರಿ ಬಣ್ಣ ಬೇಡವೇ ಬೇಡ. ಸಂಜೆ ಲಾರಿಯವನಿಗೆ ನೀವು ಕಾಣಬೇಕು. ಹಳದಿ ಕೊಳ್ಳಿ, ಹೊಳೆಯುವ ಪಟ್ಟಿ ಅಂಟಿಸಿ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ದಿನದ ಸಾಮಾನನ್ನೂ ಹೆಲ್ಮೆಟ್ಟನ್ನೂ ಅಂಗಡಿಗೆ ಒಯ್ಯಿರಿ. ಚೀಲ ತುಂಬಿ, ಸೈಕಲ್ ಹತ್ತಿ ಕೂತು, ಎರಡೂ ಕಡೆ ಹಿಂದೆ ತಿರುಗಿ ನೋಡಿ. ಚೀಲದ ತಲೆ ಹೆಲ್ಮೆಟ್ಟಿಗೆ ತಾಗಿದರೆ, ಪಟ್ಟಿ ಒಂದಿಂಚು ಜಾರಿದರೆ, ಎಷ್ಟೇ ರಿಯಾಯ್ತಿ ಇದ್ದರೂ ಬೇಡ. ಆನ್‌ಲೈನಿನಲ್ಲಿ ಇದನ್ನು ನೋಡಲು ಬರುವುದಿಲ್ಲ. ಮತ್ತೆ ಮೂರು ಕೆಜಿ ದಾಟಿದ ದಿನ ಉಳಿದದ್ದು ಕ್ಯಾರಿಯರ್‌ಗೆ.

ಕೊನೆಯದಾಗಿ ಸೊಸಿಯ ಸುದ್ದಿ. ಮೊದಲ ದಿನ ಕ್ಯಾರಿಯರ್ ನೋಡಿ ಮುಖ ಸಣ್ಣದು ಮಾಡಿದ್ದಳು. "ಹುಡುಗ್ಯಾರು ನಗ್ತಾರ ಮಾಮಾ." ನಾನು ಭಾಷಣ ಮಾಡಲಿಲ್ಲ. ಸಂಕ್ರಾಂತಿಗೆ ಹೋದಾಗ ಕೇಳಿದೆ, ಕುತ್ತಿಗೆ ನೋವು ಹೋಗಿದೆಯಂತೆ. ಆದರೆ ತಂಗಿ ಗುಟ್ಟು ಹೇಳಿದಳು. ಶಾಲೆಯ ತಿರುವಿನಲ್ಲಿ ಬೇವಿನ ಗಿಡದ ಕೆಳಗೆ ಸೈಕಲ್ ನಿಲ್ಲಿಸಿ, ಹಸಿಬಿಯಿಂದ ಪುಸ್ತಕ ತೆಗೆದು ಬೆನ್ನಿನ ಬ್ಯಾಗಿಗೆ ತುಂಬಿಕೊಂಡು, ಹಸಿಬಿಯನ್ನು ಮಡಚಿಟ್ಟು, ಆಮೇಲೆ ಗೇಟಿಗೆ ಹೋಗುತ್ತಾಳಂತೆ. ಐದು ಕಿಲೋಮೀಟರಿನಲ್ಲಿ ನೂರು ಮೀಟರು ನಾಚಿಕೆಗೆ. ಸದ್ಯಕ್ಕೆ ಇಷ್ಟು ಸಾಕು ಅಂದುಕೊಂಡಿದ್ದೇನೆ. ತೂಕ ಮಾತ್ರ ಅಷ್ಟೇ ಇದೆ. ಅದು ಶಾಲೆಯವರ ಕೈಯಲ್ಲಿರುವುದು, ಅಲ್ಲಿಗೆ ಆ 2019ರ ಆದೇಶದ ಪ್ರತಿ ಹಿಡಿದುಕೊಂಡು ಬರುವ ವಾರ ನಾನೇ ಹೋಗುವವನಿದ್ದೇನೆ.

ನೀವೂ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ನಿಮ್ಮ ಬ್ಯಾಗ್, ನಿಮ್ಮ ಮಕ್ಕಳ ಬ್ಯಾಗ್ ಎರಡನ್ನೂ ತೂಕ ಮಾಡಿ ನೋಡಿ. ಎಷ್ಟು ಬಂತು ಅಂತ ಬರೆಯಿರಿ. ಸುಳ್ಳು ಹೇಳಬೇಡಿ ಮತ್ತೆ :-)